ಮ್ಯಾಂಟಿಸ್ ಮುಖ, ಕಣಜದ ಮೈ: ಇದು ಯಾವ ಹುಳ?

ಹೆಗಡೆ ಸಾಗರ:

ನಮಸ್ಕಾರ. ಸಾಗರದ ಹತ್ತಿರ ನಮ್ಮದು ಅಡಿಕೆ ತೋಟ. ಸದ್ಯಕ್ಕೆ ಮಗನ ಮನೆಯಲ್ಲಿದ್ದೇನೆ, ಅಮೆರಿಕದ ಟೆಕ್ಸಾಸ್‌ನಲ್ಲಿ, ಆಸ್ಟಿನ್ ಪಕ್ಕದ ರೌಂಡ್ ರಾಕ್ ಎಂಬ ಊರು. ಮಗ ಸೊಸೆ ಬೆಳಿಗ್ಗೆ ಲ್ಯಾಪ್‌ಟಾಪ್ ಮುಂದೆ ಕೂತರೆ ಏಳುವುದು ಸಂಜೆಗೇ. ಮಾತಾಡಲು ಯಾರೂ ಸಿಗದ ಕಾರಣ ಹಿತ್ತಲಿನ ಹುಳಹುಪ್ಪಟೆಗಳ ಮೇಲೆ ನನ್ನ ಮೇಲ್ವಿಚಾರಣೆ ನಡೆದಿದೆ.

ಮೊನಾರ್ಕ್ ಚಿಟ್ಟೆ ಬರಲಿ ಎಂದು ಸೊಸೆ ಬೇಲಿ ಬದಿಗೆ ಮಿಲ್ಕ್‌ವೀಡ್ ನೆಟ್ಟಿದ್ದಾಳೆ. ನಮ್ಮ ಎಕ್ಕದ ಬಳಗದ ಗಿಡವೇ, ಎಲೆ ಮುರಿದರೆ ಹಾಲು ಬರುತ್ತದೆ. ಈ ಮೇ ತಿಂಗಳಲ್ಲಿ ಅದರ ಹೂಗೊಂಚಲ ಮೇಲೆ ಒಂದು ಹುಳ ಕಾಣಿಸಿಕೊಳ್ಳುತ್ತಿದೆ. ಉದ್ದ ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚು. ಮೈ ಕಂದುಗೆಂಪು, ಹೊಟ್ಟೆಗೆ ಹಳದಿ ಪಟ್ಟೆ. ದೂರದಿಂದ ನೋಡಿದರೆ ಸೂರಿನ ಕೆಳಗೆ ಗೂಡು ಕಟ್ಟಿರುವ ಕಣಜವೇ. ಹತ್ತಿರ ಹೋದರೆ ಮುಮ್ಮೂಲೆ ತಲೆ, ಉಬ್ಬಿದ ಕಣ್ಣು, ಉದ್ದ ಕತ್ತು. ಮುಂಗಾಲು ಎರಡನ್ನೂ ಮಡಚಿ ಎದೆಗೆ ಒತ್ತಿಕೊಂಡಿದೆ, ಕೈಮುಗಿದು ಕೂರುವ ಮ್ಯಾಂಟಿಸ್ ಹುಳದ ಹಾಗೆ. ನಾನು ನೋಡುತ್ತಿರುವಾಗಲೇ ಒಂದು ಸಣ್ಣ ನೊಣ ಬಂದು ಕೂತಿತು. ಮುಂಗಾಲು ಆಚೆ ಬಂದದ್ದು ನನಗೆ ಕಾಣಲೇ ಇಲ್ಲ, ನೊಣ ಬಾಯಲ್ಲಿತ್ತು. ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ರೆಕ್ಕೆ ಅಗಲಿಸಿ, ಹೊಟ್ಟೆಯ ತುದಿ ಬಗ್ಗಿಸಿ, ಥೇಟ್ ಕಣಜ ಕುಟುಕಲು ಬಂದ ಭಂಗಿ. ನಾಲ್ಕು ಫೋಟೋ ಹಾಕಿದ್ದೇನೆ, ಮೊಮ್ಮಗಳು ತೆಗೆದದ್ದು.

ಇನ್ನೊಂದು ವಿಷಯ. ಮಾರ್ಚಿನಲ್ಲಿ ಸೊಸೆ ನರ್ಸರಿಯಿಂದ ಮ್ಯಾಂಟಿಸ್ ಮೊಟ್ಟೆಗಳ ಉಂಡೆ ತಂದು ಗಿಡಕ್ಕೆ ಕಟ್ಟಿದ್ದಳು. ಸ್ಪಂಜಿನಂತೆ ಇರುತ್ತದೆ, ಇಲ್ಲಿ ದುಡ್ಡಿಗೆ ಸಿಗುತ್ತದೆ. ಇವು ಅದರಿಂದ ಹೊರಟ ಮರಿಗಳೋ? ಮ್ಯಾಂಟಿಸಿಗೂ ಕಣಜಕ್ಕೂ ಬೆರಕೆ ಆಗಿದೆ ಅನ್ನುತ್ತಾನೆ ಪಕ್ಕದ ಮನೆಯವನು, ನಾನು ನಂಬಿಲ್ಲ. ಕುಟುಕುತ್ತದೆಯೋ? ಮೂರು ತಿಂಗಳಿಗೊಮ್ಮೆ ಔಷಧಿ ಹೊಡೆಯುವವನು ಮುಂದಿನ ವಾರ ಬರುವವನಿದ್ದಾನೆ. ಹೊಡೆಸಬೇಕೋ ಬೇಡವೋ ಎಂಬುದು ಮನೆಯಲ್ಲಿ ಚರ್ಚೆ. ತಿಳಿದವರು ಹೇಳಿ.

ನಂದಿಬಟ್ಟಲು:

ಕಣಜ ಸಾರ್, ಅನುಮಾನವೇ ಬೇಡ. ಪಟ್ಟೆ ನೋಡಿ. ಮೊಮ್ಮಗಳನ್ನು ಹತ್ತಿರ ಬಿಡಬೇಡಿ. ನನ್ನ ಭಾವನಿಗೆ ಒಂದು ಕಚ್ಚಿ ಕಣ್ಣು ಮೂರು ದಿನ ಮುಚ್ಚಿಹೋಗಿತ್ತು.

ಎಂಟುಕಾಲು:

ನಂದಿಬಟ್ಟಲು ಅವರೇ, ಪಟ್ಟೆ ನೋಡಿ ಹೆದರಲಿ ಎಂದೇ ಆ ಹುಳ ಪಟ್ಟೆ ಹಾಕಿಕೊಂಡಿರುವುದು. ನಿಮ್ಮ ಮಟ್ಟಿಗೆ ಅದು ಗೆದ್ದಿದೆ.

ಹೆಗಡೆಯವರೇ, ಇದು ಮ್ಯಾಂಟಿಡ್‌ಫ್ಲೈ. ಜಾತಿ ಕ್ಲೈಮೇಸಿಯೆಲ್ಲಾ ಬ್ರುನ್ನಿಯಾ. ನಿಮ್ಮ ಮೂರನೇ ಫೋಟೋ, ಪಕ್ಕದಿಂದ ತೆಗೆದದ್ದು, ಒಂದೇ ಸಾಕು. ಮೊಮ್ಮಗಳಿಗೆ ಶಭಾಸ್ ಹೇಳಿ. ನಾನು ಧಾರವಾಡದವಳು, ಈಗ ನಿಮ್ಮದೇ ಟೆಕ್ಸಾಸಿನ ಡೆಂಟನ್‌ನಲ್ಲಿದ್ದೇನೆ. ನನ್ನ ಹುಚ್ಚು ಜೇಡಗಳದ್ದು. ಈ ಹುಳ ಪರಿಚಯವಾದದ್ದೂ ಜೇಡದ ಕಡೆಯಿಂದಲೇ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಗುರುತು. ಮುಖ ನೋಡಿದರೆ ಮ್ಯಾಂಟಿಸ್ ಅನ್ನಿಸುತ್ತದೆ, ಬಣ್ಣ ನೋಡಿದರೆ ಕಣಜ, ಆದ್ದರಿಂದ ಎರಡನ್ನೂ ಬಿಟ್ಟು ರೆಕ್ಕೆ ನೋಡಿ. ಮ್ಯಾಂಟಿಸಿನ ಮೇಲ್ರೆಕ್ಕೆ ತೊಗಲಿನಂತೆ ದಪ್ಪ, ಬೆನ್ನ ಮೇಲೆ ಚಪ್ಪಟೆಯಾಗಿ ಮಲಗಿರುತ್ತದೆ. ಇದರ ನಾಲ್ಕೂ ರೆಕ್ಕೆ ತೆಳು ಗಾಜಿನಂತಿವೆ, ತುಂಬಾ ನರಗಳಿವೆ. ಇದು ನ್ಯೂರಾಪ್ಟೆರಾ ಗಣದ ಗುರುತು. ಎಲೆಯ ಮೇಲೆ ಕೂದಲೆಳೆಯ ತುದಿಗೆ ಮೊಟ್ಟೆಯಿಡುವ ಹಸಿರು ಲೇಸ್‌ವಿಂಗ್, ಮರಳಿನಲ್ಲಿ ಗುಂಡಿ ತೋಡಿ ಇರುವೆ ಹಿಡಿಯುವ ಹುಳ, ಇವೆಲ್ಲ ಇದರ ದಾಯಾದಿಗಳು. ಮ್ಯಾಂಟಿಸಿನ ಹತ್ತಿರದ ನೆಂಟ ಜಿರಳೆ. ಹಾಗಾಗಿ ಬೆರಕೆ ಮಾತು ಬಿಡಿ. ಇವೆರಡೂ ಬೇಟೆಗೆ ಒಂದೇ ಥರದ ಮುಂಗಾಲನ್ನು ಬೇರೆ ಬೇರೆ ದಾರಿಯಲ್ಲಿ ಪಡೆದುಕೊಂಡವು, ಅಷ್ಟೆ. ಮ್ಯಾಂಟಿಸ್ ಮರಿಗಳು ಉಂಡೆಯಿಂದ ಹೊರಬರುವಾಗಲೇ ಪುಟಾಣಿ ಮ್ಯಾಂಟಿಸಿನಂತೆ ಇರುತ್ತವೆ, ರೆಕ್ಕೆ ಇರುವುದಿಲ್ಲ. ರೆಕ್ಕೆ ಬರಲು ಬೇಸಿಗೆಯೆಲ್ಲ ಬೇಕು. ಮಾರ್ಚಿನಲ್ಲಿ ಕಟ್ಟಿದ ಉಂಡೆಯಿಂದ ಮೇಯಲ್ಲಿ ರೆಕ್ಕೆಯ ಹುಳ ಬರುವುದು ಸಾಧ್ಯವೇ ಇಲ್ಲ.

ಇನ್ನು ಈ ಜಾತಿ ಯಾಕೆ, ಬೇರೆ ಮ್ಯಾಂಟಿಡ್‌ಫ್ಲೈ ಯಾಕಲ್ಲ ಅಂದರೆ, ಮತ್ತೆ ರೆಕ್ಕೆಯೇ. ಮುಂರೆಕ್ಕೆಯ ಮುಂದಿನ ಅಂಚಿನುದ್ದಕ್ಕೂ ಕಂದು ಪಟ್ಟಿ ಇದೆ, ಹಿಂಭಾಗ ಬಣ್ಣವಿಲ್ಲದ ಗಾಜು, ನೋಡಿ. ಸೂರಿನ ಕಣಜ, ಅಂದರೆ ಪೋಲಿಸ್ಟಿಸ್, ಕೂತಾಗ ರೆಕ್ಕೆಯನ್ನು ಉದ್ದಕ್ಕೆ ಮಡಚಿ ಕಿರಿದು ಮಾಡಿಕೊಳ್ಳುತ್ತದೆ. ಇದಕ್ಕೆ ಹಾಗೆ ಮಡಚಲು ಬರುವುದಿಲ್ಲ. ಮಡಚಿದ ರೆಕ್ಕೆಯಷ್ಟು ಅಗಲಕ್ಕೆ ಮಾತ್ರ ಬಣ್ಣವಿದೆ, ಉಳಿದದ್ದು ಕಣ್ಣಿಗೆ ಕಾಣುವುದೇ ಇಲ್ಲ! ಈ ಮೋಸ ನನಗೆ ಇವತ್ತಿಗೂ ಹಳೆಯದಾಗಿಲ್ಲ. ಅಮೆರಿಕದ ಕೀಟತಜ್ಞ ಥಾಮಸ್ ಸೇ 1824ರಲ್ಲೇ ಇದಕ್ಕೆ ಹೆಸರಿಟ್ಟ. ಕೆನಡಾದಿಂದ ಕೋಸ್ಟರಿಕಾದವರೆಗೆ ಇದೆ. ಕೋಸ್ಟರಿಕಾದಲ್ಲಿ ಇದೇ ಜಾತಿ ಐದು ಬಣ್ಣಗಳಲ್ಲಿ ಸಿಗುತ್ತದೆ, ಒಂದೊಂದು ಬಣ್ಣ ಒಂದೊಂದು ಕಣಜದ ನಕಲು ಎಂದು ಪಾಲ್ ಓಪ್ಲರ್ 1981ರಲ್ಲಿ ಬರೆದರು.

ಕುಟುಕಲು ಮುಳ್ಳೇ ಇಲ್ಲ. ಹೊಟ್ಟೆ ಬಗ್ಗಿಸುವುದೆಲ್ಲ ನಾಟಕ.

ಈಗ ಜೇಡದ ಕಥೆ. ಮ್ಯಾಂಟಿಡ್‌ಫ್ಲೈ ಹೆಣ್ಣು ಎಲೆಯ ಮೇಲೆ ನೂರಾರು ಮೊಟ್ಟೆಗಳನ್ನು ಗುಂಪಾಗಿ ಇಡುತ್ತದೆ, ಪ್ರತಿಯೊಂದಕ್ಕೂ ಗಿಡ್ಡ ತೊಟ್ಟು. ಅದರಿಂದ ಬರುವ ಮರಿಹುಳು ಬರಿಗಣ್ಣಿಗೆ ಒಂದು ಚುಕ್ಕೆ. ಆದರೆ ಕಾಲು ಚುರುಕು, ಮೈ ಚಪ್ಪಟೆ. ಕ್ಲೈಮೇಸಿಯೆಲ್ಲಾ ಮರಿ ಹುಡುಕಿಕೊಂಡು ಹೆಚ್ಚು ಅಲೆಯುವುದಿಲ್ಲ. ಬಾಲದ ತುದಿ ಊರಿ ಮೈ ಮೇಲೆತ್ತಿ ನಿಂತು ಕಾಯುತ್ತದೆ. ಹಾದುಹೋಗುವ ತೋಳ ಜೇಡ ತಾಗಿದರೆ ಹತ್ತಿತು ಎಂದೇ ಲೆಕ್ಕ. ತೋಳ ಜೇಡ ಅಂದರೆ ಬಲೆ ನೇಯದೆ ನೆಲದ ಮೇಲೆ ಓಡಾಡಿ ಬೇಟೆಯಾಡುವ ಬೂದು ಬಣ್ಣದ ಜೇಡ, ನಿಮ್ಮ ಹಿತ್ತಲಿನ ಹುಲ್ಲಿನಲ್ಲಿ ಖಂಡಿತ ಇದೆ. ಹತ್ತಿದ ಮರಿ ಜೇಡದ ಸೊಂಟಕ್ಕೆ, ಎದೆಭಾಗಕ್ಕೂ ಹೊಟ್ಟೆಗೂ ನಡುವಿನ ಆ ಸಣ್ಣ ತೊಟ್ಟಿಗೆ, ಸುತ್ತಿ ಕೂರುತ್ತದೆ. ಜೇಡದ ಕಾಲು ಅಲ್ಲಿಗೆ ಎಟುಕುವುದಿಲ್ಲ. ಆಗಾಗ ಅದರ ರಕ್ತ ಒಂಚೂರು ಹೀರುತ್ತದೆ, ಸಾಯಿಸುವಷ್ಟಲ್ಲ. ಚಳಿಗಾಲವನ್ನೂ ಜೇಡದ ಮೇಲೆಯೇ ಕಳೆಯಬಹುದು. ಗಂಡು ಜೇಡಕ್ಕೆ ಹತ್ತಿಬಿಟ್ಟರೂ ಆಟ ಮುಗಿಯುವುದಿಲ್ಲ: ಕೂಡುವಾಗಲೋ ಹೆಣ್ಣು ಗಂಡನ್ನು ತಿನ್ನುವಾಗಲೋ ಇತ್ತಿಂದತ್ತ ದಾಟುವ ಅವಕಾಶವಿದೆ.

ಇಷ್ಟು ದಿನ ಕಾದದ್ದು ಒಂದು ಗಳಿಗೆಗಾಗಿ. ತಾಯಿ ಜೇಡ ಮೊಟ್ಟೆಯಿಟ್ಟು ಅದರ ಸುತ್ತ ರೇಷ್ಮೆ ಹೊದಿಸುತ್ತಿರುವಾಗ, ಚೀಲ ಮುಚ್ಚುವ ಮೊದಲು, ಮರಿ ಇಳಿದು ಒಳಗೆ ಸೇರಿಕೊಳ್ಳುತ್ತದೆ. ಜೇಡ ಅದನ್ನೂ ಸೇರಿಸಿ ಹೊಲಿದುಬಿಡುತ್ತದೆ. ಒಳಗೆ ಮರಿಹುಳು ಟೊಳ್ಳು ದವಡೆ ಚುಚ್ಚಿ ಒಂದೊಂದೇ ಮೊಟ್ಟೆ ಹೀರುತ್ತದೆ. ಎರಡನೇ ಹಂತಕ್ಕೆ ಪೊರೆ ಬಿಟ್ಟ ಮೇಲೆ ಓಡುವ ಕಾಲಿನ ಅಗತ್ಯವಿಲ್ಲ. ಮೈ ದಪ್ಪಗಾಗಿ, ಕಾಲು ಮೊಟಕಾಗಿ, ಗೊಬ್ಬರದ ಗುಂಡಿಯ ಬಿಳಿ ಹುಳದಂತಾಗುತ್ತದೆ. ಮರಿಹುಳುವಿನ ಹಂತ ಒಟ್ಟು ಮೂರು. ಮೊಟ್ಟೆಗಳು ಬೇಗ ಮರಿಯಾಗಿಬಿಟ್ಟರೆ ಊಟ ಹೋಯಿತಲ್ಲ? ಅದಕ್ಕೂ ವ್ಯವಸ್ಥೆ ಇದೆ. ಇದರ ಸಂಬಂಧಿ ಮ್ಯಾಂಟಿಸ್ಪಾ ಉಹ್ಲೆರಿಯ ಮರಿಹುಳು ಮೊಟ್ಟೆಗಳ ಬೆಳವಣಿಗೆಯನ್ನೇ ತಡೆದು ಇಡುತ್ತದೆ, ಬಹುಶಃ ಯಾವುದೋ ರಾಸಾಯನಿಕ ಬಿಟ್ಟು. ಅಮೆರಿಕದ ಕರ್ಟ್ ರೆಡ್‌ಬೋರ್ಗ್ 1983ರಲ್ಲಿ ಇದನ್ನು ವರದಿ ಮಾಡಿದರು. ಕ್ಲೈಮೇಸಿಯೆಲ್ಲಾ ಮರಿ ಜೇಡವನ್ನು ಹತ್ತದೆ ಬದುಕಲಾರದು ಎಂಬುದನ್ನು ಅದೇ ವರ್ಷ ತೋರಿಸಿದವರು ಅವರು ಮತ್ತು ಎಲಿಸ್ ಮ್ಯಾಕ್ಲಿಯಡ್.

ಇಷ್ಟಾದರೂ ತಾಯಿ ಜೇಡ ಚೀಲವನ್ನು ಹೊಟ್ಟೆಯ ತುದಿಗೆ ಅಂಟಿಸಿಕೊಂಡು ಹೊತ್ತು ತಿರುಗುತ್ತಲೇ ಇರುತ್ತದೆ, ಬಿಸಿಲಿಗೆ ಹಿಡಿಯುತ್ತದೆ, ಯಾರಾದರೂ ಕಿತ್ತರೆ ಜಗಳಕ್ಕೆ ಬರುತ್ತದೆ.

ಒಮ್ಮೆ ನಾನು ಚೀಲ ಹೊತ್ತ ತೋಳ ಜೇಡವೊಂದನ್ನು ಡಬ್ಬಿಯಲ್ಲಿ ಸಾಕಿದ್ದೆ, ಮರಿಗಳು ತಾಯಿಯ ಬೆನ್ನೇರುವುದನ್ನು ನೋಡೋಣವೆಂದು. ಮರಿ ಬರಲಿಲ್ಲ. ಚೀಲದ ಒಂದು ಬದಿ ಒದ್ದೆಯಾದಂತೆ ಕಂಡು, ನಾರು ಒಂದೊಂದೇ ಕಡಿದುಕೊಂಡಿತು. ತೂತಿನಿಂದ ಮಸುಕು ಹಳದಿ ಬಣ್ಣದ ಜೀವವೊಂದು ಹೊರಬಂತು. ರೆಕ್ಕೆ ಇನ್ನೂ ಮೊಗ್ಗು, ಮೈಮೇಲೆ ಪೊರೆ. ಅದು ಕೋಶದ ಹಂತದಲ್ಲಿದ್ದ ಪ್ಯೂಪಾ, ಆದರೂ ನಡೆಯುತ್ತಿತ್ತು! ನಾನಿಟ್ಟಿದ್ದ ಕಡ್ಡಿ ಹತ್ತಿ, ತಲೆ ಮೇಲೆ ಮಾಡಿ ನಿಂತು, ಬೆನ್ನು ಸೀಳಿ, ಮುಂಗಾಲನ್ನು ಪೊರೆಯಿಂದ ಎಳೆದುಕೊಂಡಿತು. ರೆಕ್ಕೆ ಬಿಚ್ಚಿಕೊಂಡ ಮೇಲೆ ಬುಡಕ್ಕೆ ಒಂದು ಕರಿ ಉಂಡೆ ಉದುರಿಸಿತು. ಮರಿಹುಳುವಿಗೆ ಹೊಟ್ಟೆಯ ಹಿಂಬಾಗಿಲು ಮುಚ್ಚಿರುತ್ತದೆ, ತಿಂದದ್ದರ ಕಸವೆಲ್ಲ ದೊಡ್ಡದಾಗುವವರೆಗೆ ಒಳಗೇ. ಆದರೆ ಅದೇ ತುದಿಯಿಂದ ರೇಷ್ಮೆ ಮಾತ್ರ ಬರುತ್ತದೆ. ಜೇಡದ ಚೀಲದೊಳಗೆ ತನ್ನದೇ ಗೂಡು ನೇಯುವುದು ಆ ನೂಲಿನಿಂದ. ಖಾಲಿ ಚೀಲ ಬಿಡಿಸಿ ನೋಡಿದೆ: ಸುಕ್ಕುಗಟ್ಟಿದ ಮೊಟ್ಟೆಯ ಸಿಪ್ಪೆ, ಹರಿದ ಗೂಡು.

ಔಷಧಿ ಬೇಡ. ಹೊಡೆದರೆ ಮೊದಲು ಹೋಗುವುದು ಹುಲ್ಲಿನ ಜೇಡಗಳು.

ಹೆಗಡೆ ಸಾಗರ:

ತಂಗೀ, ಬಹಳ ಉಪಕಾರವಾಯಿತು. ಮೊಮ್ಮಗಳಿಗೆ ಓದಿ ಹೇಳಿದೆ. ಅವಳಿಗೆ ಈಗ ಜೇಡದ ಮೇಲೆ ಕನಿಕರ ಬಂದು ಹುಳದ ಮೇಲೆ ಸಿಟ್ಟು ಬಂದಿದೆ. ಗಿಡದಿಂದ ಓಡಿಸೋಣ ಅಜ್ಜ ಅನ್ನುತ್ತಾಳೆ.

ನನ್ನ ಅನುಮಾನ ಬೇರೆ. ಈ ವಾರ ಮತ್ತೆ ಎರಡು ಬಂದಿವೆ. ಒಂದು ದೊಡ್ಡದು, ಇನ್ನೊಂದು ಅದರ ಅರ್ಧಕ್ಕಿಂತ ಸ್ವಲ್ಪ ದೊಡ್ಡದಿರಬೇಕು. ಸಣ್ಣದು ಮರಿಯೋ? ಬೇರೆ ಜಾತಿಯೋ? ಮತ್ತೆ ಇಷ್ಟೊಂದು ಹುಳ ಜೇಡದ ಮೊಟ್ಟೆ ತಿಂದರೆ ಜೇಡ ಉಳಿಯುವುದು ಹೇಗೆ? ತೋಟದವನು ನಾನು, ಲೆಕ್ಕ ಕೂಡದಿದ್ದರೆ ನಿದ್ದೆ ಬರುವುದಿಲ್ಲ.

ಎಂಟುಕಾಲು:

ರೆಕ್ಕೆ ಬಂದ ಮೇಲೆ ಯಾವ ಕೀಟವೂ ಬೆಳೆಯುವುದಿಲ್ಲ, ಆದ್ದರಿಂದ ಸಣ್ಣದು ಮರಿಯಲ್ಲ. ಅದಕ್ಕೆ ಸಿಕ್ಕಿದ ಚೀಲ ಸಣ್ಣದು. ಜೀವಮಾನದ ಊಟವೆಲ್ಲ ಒಂದೇ ಚೀಲದಲ್ಲಿ ಮುಗಿಯಬೇಕು. ಅದರಲ್ಲಿ ಮೊಟ್ಟೆ ಕಡಿಮೆಯಿದ್ದರೆ ಹುಳವೂ ಗಿಡ್ಡ. ಈ ಕುಟುಂಬದಲ್ಲಿ ಗಾತ್ರ ನೋಡಿ ಜಾತಿ ಹೇಳಲು ಹೋಗಬಾರದು ಎನ್ನುವುದು ಇದಕ್ಕೇ.

ಲೆಕ್ಕದ ಮಾತು. ನೂರಾರು ಮೊಟ್ಟೆ ಇಡುವ ಹುಳಕ್ಕೆ ನೂರಾರು ಬದುಕುತ್ತವೆ ಎಂಬ ಭರವಸೆ ಇಲ್ಲ. ಬಹುತೇಕ ಮರಿಗಳು ಜೇಡ ಸಿಗದೆ ಒಣಗಿ ಸಾಯುತ್ತವೆ. ಹತ್ತಿದವುಗಳಲ್ಲಿ ಕೆಲವಕ್ಕೆ ಗಂಡು ಜೇಡ, ಕೆಲವಕ್ಕೆ ಚೀಲ ಮಾಡುವ ಮೊದಲೇ ಇನ್ಯಾರಿಗೋ ಆಹಾರವಾಗುವ ಜೇಡ. ಕಣಜವೇಷ ಹಾಕಿದ ಹುಳ ಇಷ್ಟು ಲಾಟರಿ ಗೆದ್ದು ಹೂವಿನ ಮೇಲೆ ಕೂತಿದೆ ಎಂದು ಮೊಮ್ಮಗಳಿಗೆ ಹೇಳಿ, ಸಿಟ್ಟು ಇಳಿಯಬಹುದು. ಈ ವ್ಯವಹಾರ ನಿನ್ನೆ ಮೊನ್ನೆಯದೂ ಅಲ್ಲ. ಬಾಲ್ಟಿಕ್ ಅಂಬರಿನಲ್ಲಿ, ಅಂದರೆ ಕಲ್ಲಾದ ಹಳೇ ಮರದ ಅಂಟಿನಲ್ಲಿ, ಸಿಕ್ಕಿಹಾಕಿಕೊಂಡ ಒಂದು ಜೇಡದ ಮೈಮೇಲೆ ಮ್ಯಾಂಟಿಡ್‌ಫ್ಲೈ ಮರಿಯೂ ಕೂತಿದೆ, ಸುಮಾರು 4 ಕೋಟಿ 40 ಲಕ್ಷ ವರ್ಷ ಹಿಂದಿನದು. ಬರ್ಲಿನ್‌ನ ಮೈಕೆಲ್ ಓಲ್ 2011ರಲ್ಲಿ ಅದನ್ನು ಪ್ರಕಟಿಸಿದರು. ಅಂದಿನಿಂದಲೂ ಜೇಡಗಳು ಇವೆ, ಇವೂ ಇವೆ.

ಮುಜಂಟಿ ಪೆಟ್ಟಿಗೆ:

ನಡುವೆ ಬಾಯಿ ಹಾಕುತ್ತಿದ್ದೇನೆ. ಸುಳ್ಯದ ಕಡೆ ನಾನು ಮುಜಂಟಿ ಜೇನು ಸಾಕುವವನು. ಮ್ಯಾಂಟಿಡ್‌ಫ್ಲೈ ಒಂದು ದೇಶದಲ್ಲಿ ಇಂಥದೇ ಮುಳ್ಳಿಲ್ಲದ ಜೇನಿನ ಗೂಡು ಹಾಳುಮಾಡಿತ್ತು ಎಂದು ಎಲ್ಲೋ ಕೇಳಿದ ನೆನಪು. ನಮ್ಮ ಪೆಟ್ಟಿಗೆಗೂ ಬಂದೀತೇ? ಕಳೆದ ತಿಂಗಳು ಪೆಟ್ಟಿಗೆ ಹತ್ತಿರ ಮುಂಗಾಲು ಮಡಚಿದ ಸಣ್ಣ ಹುಳ ಕಂಡಿದ್ದೆ.

ಎಂಟುಕಾಲು:

ನೀವು ಕೇಳಿದ್ದು ನಿಜ, ಬ್ರೆಜಿಲ್ ಸಂಗತಿ. ಪ್ಲೇಗಾ ಎಂಬ ಕುಲದ ಒಂದು ಜಾತಿ ಅಲ್ಲಿನ ಮೆಲಿಪೋನಾ ಜೇನಿನ ಪೆಟ್ಟಿಗೆಗಳಿಗೆ ಗುಂಪುಗುಂಪಾಗಿ ನುಗ್ಗಿತ್ತು. ಅವು ಜೇಡ ಅವಲಂಬಿಸಿದವಲ್ಲ. ಕಣಜ, ಜೇನು ಮೊದಲಾದವುಗಳ ಮರಿಗಳ ಮೇಲೆ ಬೆಳೆಯುವ ಬೇರೆ ಶಾಖೆ. ಆ ಶಾಖೆ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಸುಳ್ಯದ ಮುಜಂಟಿಗೆ ಆ ಭಯ ಬೇಡ. ನೀವು ಕಂಡದ್ದು ಮ್ಯಾಂಟಿಸ್ ಮರಿಯೇ ಇರಬಹುದು. ರೆಕ್ಕೆ ಇತ್ತೇ ಎಂದು ನೋಡಿದ್ದರೆ ಅಲ್ಲಿಗೇ ತೀರ್ಮಾನವಾಗುತ್ತಿತ್ತು. ಪೆಟ್ಟಿಗೆ ಬಾಗಿಲಲ್ಲಿ ಕೂತು ಒಂದೊಂದೇ ಜೇನು ಹಿಡಿಯುವುದು ಮ್ಯಾಂಟಿಸಿನ ಹಳೇ ಚಾಳಿ.

ಕೊಪ್ಪದ ಮಳೆ:

ನಮ್ಮ ಮನೆಯ ಟ್ಯೂಬ್‌ಲೈಟಿಗೆ ಮೊದಲ ಮಳೆ ಬಿದ್ದ ರಾತ್ರಿಗಳಲ್ಲಿ ಬರುವ ಹುಳ ಹೀಗೇ ಇರುತ್ತದೆ, ಆದರೆ ಪಟ್ಟೆಯಿಲ್ಲ. ಮೈ ಹಳದಿಕಂದು, ರೆಕ್ಕೆ ಪೂರ್ತಿ ಪಾರದರ್ಶಕ, ಒಂದೂವರೆ ಸೆಂಟಿಮೀಟರು. ಇದೂ ಕ್ಲೈಮೇಸಿಯೆಲ್ಲಾನಾ? ಮ್ಯಾಕ್ರೋ ಲೆನ್ಸ್ ಇದೆ, ಯಾವ ಕೋನದಿಂದ ತೆಗೆಯಲಿ?

ಎಂಟುಕಾಲು:

ಅಲ್ಲ. ಕ್ಲೈಮೇಸಿಯೆಲ್ಲಾ ಕುಲ ನಿಮ್ಮ ಕಡೆ ಇಲ್ಲ. ಏಷ್ಯಾದಲ್ಲಿ ಕಣಜವೇಷ ಹಾಕುವವು ಯೂಕ್ಲೈಮೇಸಿಯಾ, ಟ್ಯೂಬೆರೊನೋಥಾ ಎಂಬ ಬೇರೆ ಕುಲಗಳವು. ಪಟ್ಟೆಯಿಲ್ಲದ ತೆಳ್ಳನೆಯವು ಹಲವಿವೆ. ಮ್ಯಾಂಟಿಸ್ಪಿಲ್ಲಾ ಇಂಡಿಕಾ ಅಂಥದ್ದೊಂದು, ವೆಸ್ಟ್‌ವುಡ್ 1852ರಲ್ಲೇ ಹೆಸರಿಟ್ಟ ಜಾತಿ. ನಿಮ್ಮದು ಅದೇ ಎಂದು ಮಾತಿನ ವರ್ಣನೆ ಕೇಳಿ ಹೇಳುವವರನ್ನು ನಂಬಬೇಡಿ, ನನ್ನನ್ನೂ ಸೇರಿಸಿ. ಫೋಟೋ ಮೇಲಿನಿಂದ ಒಂದು, ಪಕ್ಕದಿಂದ ಒಂದು, ಮುಖದ್ದೊಂದು ಬೇಕು. ರೆಕ್ಕೆಯ ನರಗಳು, ರೆಕ್ಕೆಯ ಮುಂದಿನ ಅಂಚಿನ ತುದಿಯ ಕಡೆಯಿರುವ ಬಣ್ಣದ ಚುಕ್ಕೆ, ಉದ್ದ ಕತ್ತಿನ ಮೇಲಿನ ಗೀರುಗಳು, ಮುಂಗಾಲಿನ ದಪ್ಪ ತೊಡೆಯ ಮುಳ್ಳುಗಳು ಸ್ಪಷ್ಟವಾಗಿ ಬರಲಿ. ಫ್ಲ್ಯಾಶ್ ನೇರ ಹೊಡೆದರೆ ರೆಕ್ಕೆ ಹೊಳೆದು ನರ ಮಾಯವಾಗುತ್ತದೆ; ಮುಂದೆ ಒಂದು ಟಿಶ್ಯೂ ಕಾಗದ ಹಿಡಿಯಿರಿ.

ಹೆಗಡೆ ಸಾಗರ:

ಔಷಧಿಯವನಿಗೆ ಹಿತ್ತಲು ಬಿಟ್ಟು ಮನೆಯ ಸುತ್ತ ಮಾತ್ರ ಹೊಡೆಯಲು ಮಗ ಹೇಳಿದ್ದಾನೆ. ಅಷ್ಟರ ಮಟ್ಟಿಗೆ ಗೆದ್ದೆ. ಈಗ ಮೊಮ್ಮಗಳಿಗೆ ಚೀಲ ಹೊತ್ತ ಜೇಡ ನೋಡಲೇಬೇಕಂತೆ. ಹಗಲು ಹುಲ್ಲೆಲ್ಲ ಜಾಲಾಡಿದರೂ ಒಂದೂ ಕಾಣಲಿಲ್ಲ.

ಎಂಟುಕಾಲು:

ರಾತ್ರಿ ಹೋಗಿ. ತಲೆಗೆ ಕಟ್ಟುವ ಬ್ಯಾಟರಿ ಒಳ್ಳೆಯದು, ಇಲ್ಲದಿದ್ದರೆ ಕೈ ಬ್ಯಾಟರಿಯನ್ನು ಕಣ್ಣಿನ ಪಕ್ಕಕ್ಕೇ ಹಿಡಿದು ಹುಲ್ಲಿನ ಮೇಲೆ ಹಾಯಿಸಿ. ತೋಳ ಜೇಡದ ಕಣ್ಣು ಬೆಳಕನ್ನು ಬಂದ ದಾರಿಯಲ್ಲೇ ವಾಪಸು ಕಳಿಸುತ್ತದೆ, ಹಸಿರುಬಿಳಿ ಚುಕ್ಕೆಯಾಗಿ ಕಾಣುತ್ತದೆ. ಬ್ಯಾಟರಿ ಸೊಂಟದ ಹತ್ತಿರ ಹಿಡಿದರೆ ಏನೂ ಕಾಣದು. ಚುಕ್ಕೆಯ ಮೇಲೆ ಕಣ್ಣಿಟ್ಟೇ ಹತ್ತಿರ ಹೋಗಿ, ಹಿಂಬದಿಗೆ ಬಟಾಣಿಯಂಥ ಬಿಳಿಬೂದು ಚೀಲ ಇದೆಯೇ ನೋಡಿ. ಒಳಗೆ ಮ್ಯಾಂಟಿಡ್‌ಫ್ಲೈ ಇದೆಯೇ ಎಂದು ಹೊರಗಿನಿಂದ ತಿಳಿಯುವುದಿಲ್ಲ, ಆ ಕುತೂಹಲಕ್ಕೆ ಚೀಲ ಒಡೆಯಬೇಡಿ. ಟೆಕ್ಸಾಸಿನ ಹುಲ್ಲಿನಲ್ಲಿ ಬೆಂಕಿ ಇರುವೆ ಇರುತ್ತದೆ, ಇಬ್ಬರೂ ಶೂ ಹಾಕಿಕೊಳ್ಳಿ.

ಹೆಗಡೆ ಸಾಗರ:

ಇರುವೆ ಪರಿಚಯ ಬಂದ ಮೊದಲ ವಾರವೇ ಆಗಿದೆ. ಬ್ಯಾಟರಿ ಮಗನ ಕಾರಿನಲ್ಲಿದೆಯಂತೆ, ಸಂಜೆ ಅವನು ಎದ್ದ ಮೇಲೆ ಕೇಳುತ್ತೇನೆ.